ವಾಷರ್ ಒಳಗಡೆಗೆ

ಜೀನ್ಸ್ ಅಂಗಡಿ ಮುಚ್ಚಿದಾಗ ಶೋಕೇಸಿನ ಗಾಜು ಹೊತ್ತು ತಂದೆ
ಆಟೋದಾಗ, ತೊಡಿ ಮ್ಯಾಲೆ, ಹಳೇ ದುಪ್ಪಡಿ ಸುತ್ತಿ.
ತಲೆ ಇಲ್ಲದ ಗೊಂಬಿಗಳು, ಬರೇ ಸೊಂಟ, ಬರೇ ಕಾಲು,
ಎಂಟು ವರ್ಷ ಅದರ ಹಿಂದೆ ನಿಂತಿದ್ವು
ನಾನು ಹೊಲಿದ ಪ್ಯಾಂಟು ತೊಟ್ಟು.
ಈಗ ಅದೇ ಗಾಜಿನಿಂದ ಸಂಪು.

ಸಂಪು ಅಂದರ ಅಂಗಳದಾಗಿಂದಲ್ಲ, ಎಷ್ಟು ಮಂದಿಗೆ ಹೇಳಲಿ:
ಮ್ಯಾಲೆ ಮೀನಿನ ತೊಟ್ಟಿ, ಕೆಳಗ ಸ್ಟ್ಯಾಂಡಿನೊಳಗ ಇನ್ನೊಂದು,
ಹೊಲಸು ನೀರು ಇಳಿದು ಸ್ಪಂಜಿನಾಗ ಸೋಸಿ
ಪಂಪು ಮತ್ತ ಮ್ಯಾಲೆತ್ತತೈತಿ.
"ಮೀನಿಗೆ ಎರಡು ಮನಿ," ಅಂದಳು ಅತ್ತಿ ಸುಂಕಮ್ಮ,
"ನಮಗ ನಳ ಬರೋದು ಎಂಟು ದಿನಕ್ಕೊಮ್ಮೆ."

ಕೌಲ್ ಬಜಾರಿನಾಗ ಹೊನ್ನೂರ್‌ವಲಿ ಅಂಗಡಿ.
ಒಂದಿಂಚಿನ ಟ್ಯಾಂಕ್ ಕನೆಕ್ಟರ್ ಎರಡು, ಅಂದೆ.
"ಕೆಲಸ ಮಾಡೋರನ್ನ ಕಳಸಮ್ಮ, ಅಳತಿ ತಪ್ಪತೈತಿ."
ಮಾಡಾಕಿ ನಾನೇ.
ಅವನು ನನ್ನ ಬೆರಳು ನೋಡಿದ, ನೀಲಿ ಕುಂತ ಉಗುರು,
ಏನೂ ಅನ್ನಲಿಲ್ಲ.
ರಬ್ಬರ್ ವಾಷರ್ ಎರಡು ಹೆಚ್ಚಿಗೆ ಪೊಟ್ಟಣಕ್ಕ ಹಾಕಿದ.

ಗಾಜಿಗೆ ತೂತು ಹೊಡಿಯೋದು ಕಾಜಾ ಹೊಡದಂಗಲ್ಲ.
ಬಟ್ಟಿ ಮಾಫಿ ಕೊಡತೈತಿ. ಬಿಚ್ಚು, ಮತ್ತ ಹೊಲಿ.
ಗೋಧಿ ಹಿಟ್ಟಿನ ಒಡ್ಡು ಕಟ್ಟಿ, ಅದರಾಗ ನೀರು ನಿಲ್ಲಿಸಿ,
ಡ್ರಿಲ್ಲಿಗೆ ಅದರ ತೂಕ ಅದಕ್ಕೇ ಬಿಟ್ಟು
ಉಸಿರು ಹಿಡದು ಕುಂತೆ.
ಅಕ್ಕಿ ತೊಳೆದಂಗ ನೀರು ಬೆಳ್ಳಗಾತು, ಮತ್ತ ಬೆಳ್ಳಗಾತು,
ಪಟ್ಟಂತ ಬಿಲ್ಲಿ ಬಿತ್ತು,
ಚಾ ಗ್ಲಾಸಿನ ತಳದಷ್ಟು.

ಮೊದಲ ರಾತ್ರಿ ಸೋರ್ತು.
ಬಕೆಟ್ಟುಗಟ್ಟಲೆ ಅಲ್ಲ. ಹಾಸಿದ ಪೇಪರಿನ ಮ್ಯಾಲೆ ಒಂದು ಚುಕ್ಕಿ,
ಚಾ ಕುಡಿಯೋದರೊಳಗ ಇನ್ನೊಂದು.
ಬಿಗಿ ಮಾಡಿದೆ. ಪಾನಾ ಹಾಕಿ ಇನ್ನಾ ಬಿಗಿ.
ಬಿಗಿ ಮಾಡಿದಷ್ಟು ಸೋರ್ತು,
ರಬ್ಬರು ಹಿಂಡಿಕೊಂಡು ಹೊರಗ ನಾಲಿಗಿ ಚಾಚ್ತು.
ಗಂಡ ಅಂದ, ಸಿಲಿಕಾನ್ ಬಳದುಬಿಡು.
ಅತ್ತಿ ಅಂದಳು, ಸುಣ್ಣ ಬೆಲ್ಲ.
ನಾನು ಬಿಚ್ಚಿದೆ.

ವಾಷರ್ ನಟ್ಟಿನ ಕಡೆ ಹಾಕಿದ್ದೆ, ಒಣ ಕಡೆ.
ನೀರು ಥ್ರೆಡ್ಡಿನ ಗುಂಟ ಸುತ್ತಿ ಸುತ್ತಿ ಹೊರಗ ಬರತಿತ್ತು.
ಥ್ರೆಡ್ಡು! ದಾರಕ್ಕೂ ಅದೇ ಹೆಸರು,
ಇಪ್ಪತ್ತು ವರ್ಷ ಹೊಲಿದಾಕಿಗೆ ತಿಳೀಬೇಕಿತ್ತು.
"ಒಳಗಡೆಗೆ, ಹುಚ್ಚಿ, ನೀರಿರೋ ಕಡೆಗೆ,"
ನನಗ ನಾನೇ ದೊಡ್ಡ ದನೀಲೆ ಬೈಕೊಂಡೆ.
ಹೊಸ ವಾಷರು. ಕೈಲೆ ಬಿಗಿ,
ಆಮ್ಯಾಲೆ ಪಾನಾದಿಂದ ಕಾಲು ಸುತ್ತು, ಅಷ್ಟೇ.
ಎಲ್ಬೋಕ್ಕ ಟೆಫ್ಲಾನ್ ಟೇಪು, ತಿರುಪು ಹತ್ತೋ ದಿಕ್ಕಿಗೆ,
ಬಾಬಿನ್ನಿಗೆ ದಾರ ಸುತ್ತಿದಂಗ.

ಎರಡನೇ ರಾತ್ರಿ ಹತ್ತೂವರಿಗೆ ಕರೆಂಟ್ ಹೋತು.
ಪಂಪು ಸುಮ್ಮನಾತು. ಪೈಪಿನಾಗಿನ ನೀರೆಲ್ಲಾ ವಾಪಸ್
ಗಳಗಳ ಕೆಳಗಿಳೀತು.
ಇಲ್ಲೀತನಕ ಏರಬಹುದು ಅಂತ ಬಟ್ಟಿ ಚಾಕಿನಿಂದ
ಸಂಪಿಗೆ ಒಂದು ಗೆರಿ ಎಳೆದಿದ್ದೆ.
ಮೊಬೈಲಿನ ಬೆಳಕಿನಾಗ ನೋಡತಾ ಕುಂತೆ.
ಗೆರಿ ಮುಟ್ತು. ಗೆರಿ ದಾಟ್ತು.
ಅತ್ತಿ ಬಂದು ಬಾಜೂಕ ಕುಂತಳು,
ಕೈಯಾಗ ನೆಲ ಒರಸೋ ಬಟ್ಟಿ,
ಅದೂ ಜೀನ್ಸಿನ ತುಂಡೇ.
ಶೆಕಿ. ಫ್ಯಾನಿಲ್ಲ. ಗುಡ್ಡದ ಕಲ್ಲು
ಹಗಲೆಲ್ಲಾ ಕುಡಿದ ಬಿಸಿಲು ಈಗ ಉಗುಳತಿತ್ತು.
ಅಂಚು ಇನ್ನೆರಡು ಬೆರಳು ಐತಿ ಅನ್ನೋವಾಗ
ನೀರು ನಿಂತ್ತು.
"ಇದಕ್ಕ ಹಿಂಗ ಹೆದರಬೇಕಾ," ಅಂದಳಾಕಿ,
ಬಟ್ಟಿ ಮಾತ್ರ ಕೈಯಾಗೇ ಇತ್ತು.

ಮುಂಜಾನೆ ಪೇಪರು ಒಣಗಿತ್ತು.
ಪ್ಲಾಟು ಮಾರಾಟದ ಜಾಹೀರಾತು, ಒಂದಕ್ಷರಾನೂ ಉಬ್ಬಿರಲಿಲ್ಲ.
ಮೀನು ಇನ್ನಾ ತಂದಿಲ್ಲ, ಸಂಬಳ ಆಗಲಿ.

ಉಳಿದ ಒಂದು ವಾಷರ್ ಪೊಟ್ಟಣದಾಗ ಇರಲಿಲ್ಲ.
ಹುಡುಕಿದೆ, ಸ್ಟ್ಯಾಂಡಿನ ಕೆಳಗ, ಗೂಡಿನಾಗ.
ಬಚ್ಚಲಿಗೆ ಹೋದರ ಅಲ್ಲಿ ಏನೋ ಒಂದು ಕಡಿಮಿ ಅನಿಸ್ತು,
ನಿಂತು ಕೇಳಿದೆ:
ಮೂರು ವರ್ಷದಿಂದ ತೊಟ್ಟಿಕ್ಕೋ ಡ್ರಮ್ಮಿನ ನಳ
ಸುಮ್ಮನಿತ್ತು.
ಯಾವಾಗ ಹಾಕಿದಿ ಅತ್ತಿ?
"ನಿನ್ನೆ. ಡ್ರಮ್ಮು ಖಾಲಿ ಇತ್ತಲ್ಲ."
ಯಾವ ಕಡೆ?
ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ.
"ನೀ ಬೈಕೊಂಡಿದ್ದು ಓಣಿಗೆಲ್ಲಾ ಕೇಳ್ಸೇತಿ."