ಎಂಟರಲ್ಲಿ ಯಾವುದು

ಮೂವತ್ತೊಂದು ವರ್ಷವಾಯಿತು,
ಧಾರವಾಡದ ರಜಿಸ್ಟರ್ ಕಚೇರಿಯೆದುರು
ಬೇವಿನ ಗಿಡದ ಬುಡಕ್ಕೆ ಕುಂತು
ಭೂಮಿ ಮಾರಿಕೊಡುತ್ತಿದ್ದೇನೆ.
ನನ್ನದಲ್ಲ, ಮಂದಿಯದು.

ನರೇಂದ್ರದ ಕಡಲೆ ಹೊಲ ನನ್ನ ಕೈಯಿಂದ ಹೋಯಿತು.
ಕೆಲಗೇರಿಯಾಚೆಯ ಗೋವಿನಜೋಳದ ಪಟ್ಟಿ,
ಬೈಪಾಸಿನ ಎರಡೂ ದಂಡೆ
ಗುಂಟೆ ಗುಂಟೆಯಾಗಿ ನನ್ನ ಪೆನ್ನಿನ ತುದಿಯಿಂದ ಉದುರಿದವು.
ಈಗಲ್ಲಿ ಕಮಾನು, ಕಮಾನಿಗೊಂದು ಹೂವಿನ ಹೆಸರು,
ಒಳಗೆ ಸುಣ್ಣದ ಗೆರೆ,
ಗೆರೆಯೊಳಗೆ ಜಾಲಿ.
ಪ್ರತಿ ಪತ್ರಕ್ಕೂ ಅದೇ ಸಾಲು, ಮಗ್ಗಿ ಒಪ್ಪಿಸಿದಂತೆ:
ನಿಧಿ ನಿಕ್ಷೇಪ ಜಲ ಪಾಷಾಣ
ಅಕ್ಷೀಣ ಆಗಾಮಿ ಸಿದ್ಧ ಸಾಧ್ಯ
ಅಷ್ಟಭೋಗ ತೇಜಸ್ವಾಮ್ಯ ಸಹಿತ.
ಎಂಟೂ ಒಂದೇ ಗಂಟಿನಲ್ಲಿ ಹೋದವು.
ಯಾರೂ ಎಣಿಸಿಕೊಳ್ಳಲಿಲ್ಲ. ನಾನೂ.

ಸೋಮವಾರ ಅಮ್ಮಿನಬಾವಿಯ ಫಕ್ಕೀರವ್ವ ತಡಕೋಡ ಬಂದಳು,
ಕಂಕುಳಲ್ಲಿ ರಸಗೊಬ್ಬರದ ಚೀಲ, ಚೀಲದಲ್ಲಿ ಉತಾರ,
ಉತಾರದ ಮಡಿಕೆಯಲ್ಲಿ ನಾಲ್ಕು ಕುಸುಬಿ ಕಾಳು.
"ಏಳು ಎಕರೆ ಹದಿನೆಂಟು ಗುಂಟೆ. ಬರಿ."
ಯಾರಿಗೆ ಕೊಡ್ತೀಯವ್ವ?
"ಯಾರಿಗೂ ಇಲ್ಲ. ಅದನ್ನ ಬರಿ."

ಜೊತೆಗೆ ಬಂದ ಕೃಷಿ ಇಲಾಖೆಯ ನದಾಫ ಮೇಡಂ
ಎರಡು ಸಲ ಬಿಡಿಸಿ ಹೇಳಿದಳು:
ಹೊಲ ಹೊಲವಾಗಿದ್ದರೆ ಇಷ್ಟು ಬೆಲೆ, ಪ್ಲಾಟಾದರೆ ಇಷ್ಟು.
ನಡುವಿನ ಅಂತರದಲ್ಲಿ ಅರ್ಧಕ್ಕಿಂತ ಮೇಲೆ
ಸರ್ಕಾರ ಈಕೆಗೆ ಕೊಡುತ್ತದೆ.
ಉಳಬಹುದು, ಲಾವಣಿಗೆ ಹಾಕಬಹುದು, ಮಾರಲೂಬಹುದು.
ಎನ್‌ಎ ಮಾತ್ರ ಆಗುವಂತಿಲ್ಲ,
ಕೊಂಡವನಿಗೂ, ಅವನ ಮೊಮ್ಮಗನಿಗೂ,
ಆಚಂದ್ರಾರ್ಕ.

ಆ ಸೂರ್ಯಚಂದ್ರರನ್ನು ನಾನು ಬಲ್ಲೆ.
ಮೂರೇ ವರ್ಷಕ್ಕೆ ಮರುಮಾರಾಟವಾದ ಸೈಟುಗಳಿಗೂ
ಅವರಿಬ್ಬರನ್ನೇ ಸಾಕ್ಷಿ ಹಾಕಿದ್ದೇನೆ.

ಮೈದುನ ಬಾಳಪ್ಪ ಸ್ಕೂಟರ್ ಸ್ಟ್ಯಾಂಡ್ ಹಾಕದೆಯೇ ಕೂಗಿದ.
(ಅವನ ಪಾಲು ಎಂದೋ ಪೆಟ್ರೋಲ್ ಬಂಕಿನ ಕೆಳಗೆ ಹೋಗಿದೆ.)
"ರಸ್ತಾ ಬರಾಕತ್ತೈತಿ, ಎರಡು ವರ್ಷ ತಡಿ ವೈನಿ!
ಭೂಮಿಗೆ ಮೂಗುದಾರ ಹಾಕ್ತಾರೇನ?"
"ಎತ್ತಿಗೆ ಹಾಕೂದಿಲ್ಲೇನೋ," ಅಂದಳು,
"ಮೂಗುದಾರ ಇದ್ದ ಎತ್ತು ಸಂಜಿಗೆ ಮನಿಗೆ ಬರತೈತಿ."

ಮಗಳು ಮಾದೇವಿ ಮಾತಾಡಲಿಲ್ಲ.
ಕರಡನ್ನು ಬೆರಳಿಟ್ಟು ಓದಿದಳು, ಮತ್ತೊಮ್ಮೆ ಓದಿದಳು.
ಕೊನೆಗೆ ಕೇಳಿದ್ದು: "ನನ್ನನ್ನೂ ಕಟ್ಟಿದಂಗಾತಲ್ಲಬೇ?"
ಅವ್ವನಿಗೆ ಅದಕ್ಕೆ ಉತ್ತರವಿರಲಿಲ್ಲ.
ಬೇವಿನ ಎಲೆಯೊಂದು ಸ್ಟಾಂಪಿನ ಮೇಲೆ ಬಿತ್ತು, ನಾನು ಊದಿದೆ.
"ಕುಸುಬಿ ಎಣ್ಣಿ ಗಾಣ ಹಾಕಬಹುದೇನ್ರಿ ಹೊಲದಾಗ?"
ನದಾಫ ಮೇಡಂ ಹಾಳೆ ತಿರುವಿದಳು, ಫೋನಿನಲ್ಲಿ ಯಾರನ್ನೋ ಕೇಳಿದಳು.
ನಾನು ಎರಡು ಸಾಲಿನ ಸಂದಿಯಲ್ಲಿ
ಗಾಣವನ್ನು ಸಣ್ಣಕ್ಷರದಲ್ಲಿ ಕೂರಿಸಿದೆ.
ಆಗ ಮಾದೇವಿ ಪೆನ್ನು ಕೇಳಿದಳು.

ಇನ್ನು ಉಳಿದದ್ದು ಮಗ್ಗಿಯ ಸಾಲು.
ನಿಧಿ ಅವಳದೇ. ಜಲ, ಪಾಷಾಣ ಅವಳವೇ.
ಮಾರಿದ್ದು ಎಂಟರಲ್ಲಿ ಯಾವುದು?
ಯೋಚಿಸಿ, ಕೊನೆಯದಕ್ಕೆ ಗೆರೆ ಎಳೆದೆ.
"ಯಾವ ಶಬ್ದ ಹೊಡದಿ?"
ಸಾಧ್ಯ.
"ಅಂದರ?"
ಮುಂದ ಏನೇನು ಆಗಬಹುದೋ, ಅದು.
ಫಕ್ಕೀರವ್ವ ನಕ್ಕಳು, ಎಲೆಯಡಿಕೆಯ ಕೆಂಪು ನಗೆ.
"ಅದನ್ನ ಹೊಡೀಬ್ಯಾಡಪ್ಪಾ.
ಬರೋ ಹಿಂಗಾರಿಗೆ ಬಿಳಿಜೋಳ ಆಗಬಹುದು, ಕಡ್ಲಿ ಆಗಬಹುದು,
ಸುಳಿ ಬಿದ್ದು ಏನೂ ಆಗದಿರಬಹುದು.
ಸಿಮೆಂಟ್ ಬಿತ್ತಂದ್ರ ಮುಗೀತು,
ಅದು ಒಂದಾ ಬೆಳಿ."

ಹೊಡೆದ ಶಬ್ದದ ಮೇಲೆ ಅದನ್ನೇ ಮತ್ತೆ ಬರೆದೆ.
ಒಳಗೆ ಕಂಪ್ಯೂಟರಿಗೆ ಈ ಜಾತಿಯ ಪತ್ರ ಗೊತ್ತಿರಲಿಲ್ಲ.
ಕ್ರಯ, ದಾನ, ಭೋಗ್ಯ, ವಾಟಣಿ ಎಲ್ಲ ಇಳಿದು
ಗುಮಾಸ್ತ 'ಇತರೆ' ಒತ್ತಿದ.
ಫಕ್ಕೀರವ್ವ ಹೆಬ್ಬೆಟ್ಟು ಒರೆಸಿಕೊಂಡು
ಮೂರರ ಬಸ್ಸಿಗೆ ಓಡಿದಳು.

ನನ್ನ ಮನೆಯೂ ಮೂವತ್ತು ನಲವತ್ತರ ಸೈಟು,
ಬೈಪಾಸಿಗೆ ಹತ್ತಿರ.
ಮೊದಲು ಯಾರದೋ ಹೆಸರು ಹೊಲ. ಪತ್ರ ಬರೆದವನು ನಾನೇ.
ರಾತ್ರಿ ಟ್ರಂಕು ತೆಗೆದು, ಕನ್ನಡಕ ಹಾಕಿಕೊಂಡು,
ಬೆರಳಿಟ್ಟು ಎಣಿಸಿದೆ.
ಎಂಟೂ ಇದ್ದವು,
ಕಾಗದದ ಮೇಲೆ.