ಹಿತ್ತಾಳೆ ಮಣಿ

ಮೂರು ಕೂಡಿದರೆ ಗುರಿ, ಅನ್ನುತ್ತಿದ್ದ ಅಪ್ಪ ಆರ್ವೋ:
ಹಿಂದಿನ ಕಚ್ಚು, ತುದಿಯ ಹಿತ್ತಾಳೆ ಮಣಿ, ಆಮೇಲೆ ಜಿಂಕೆ.
ಅರವತ್ತು ದಾಟಿತು, ನನಗೀಗ ಎರಡೇ ಕೂಡುವುದು.
ಮಣಿ ಕಂಡರೆ ಜಿಂಕೆ ಮಂಜು,
ಜಿಂಕೆ ಕಂಡರೆ ಮಣಿ ಕದಡಿದ ಜೇನು.

ಈ ಮಿಷಿಗನ್ ಜೌಗಿನಲ್ಲಿ, ಹೆಮ್ಲಾಕ್ ಮರಗಳ ಒತ್ತಿನಲ್ಲಿ
ನಲವತ್ತು ಮಾರಿನಾಚೆ ಏನಿದೆಯಂತ ದುರ್ಬೀನು?
ಲೆಂಪಿ ಗದರಿದಳು. ಕೂರಿಸಿಕೊಂಡೆ.
ಒಂದೇ ಕೈಹಿಡಿಗೆ ತೂಗುತ್ತಿದ್ದ ಬಂದೂಕಿಗೆ
ಈಗ ಗೂನು.

ನವೆಂಬರ್. ಗಾಜೊರೆಸಿ ಕಣ್ಣಿಟ್ಟೆ.
ಅದೇ ಗಂಡು.
ಎಡಗಿವಿಯಲ್ಲಿ ತೂತು, ಮಾಗಿದ್ದು,
ದುಂಡಗೆ, ನನ್ನ ಗುಂಡಿನಗಲ.
ಹೋದ ವರ್ಷ ಸೌನಾದ ಹಬೆಯಲ್ಲಿ
'ತಾಗಲೇ ಇಲ್ಲ, ಗಾಳಿಗೆ ಹೋಯ್ತು' ಅಂತ
ನಗಿಸಿದ್ದೆ ಎಲ್ಲರನ್ನೂ.

ಮೀಟು ಎಳೆದಾಗಿತ್ತು.
ಅಷ್ಟು ಹತ್ತಿರ, ಆ ತೂತಿನಾಚೆ
ಹಿಮ ಬೀಳುವುದೂ ಕಾಣುತ್ತಿತ್ತು.