ಷರಾ

ಕುರ್ಚಿ ನಾಲ್ಕು, ಒಂದರ ಕಾಲು ಕುಂಟು.
ರೇಡಿಯೊ ಎರಡು.
ಕಬ್ಬಿಣದ ಕಪಾಟು ಒಂದು, ಬೀಗದ ಕೈ ಇಲ್ಲ.
ಕೊಲ್ಲಿಯ ನಕ್ಷೆ, ಉಪ್ಪುಗಾಳಿಗೆ ಅಂಚು ಸುರುಟಿದ್ದು.
ಬರೆದುಕೊಂಡೆ.

ಸಾಂತಿಯಾಗೊದಿಂದ ಹದಿನಾಲ್ಕು ತಾಸು ಬಸ್ಸಿನಲ್ಲಿ ಕೂತು
ಈ ಸುನಾಮಿ ಕಚೇರಿಯ ಕದ ಮುಚ್ಚಲು ಬಂದವನು ನಾನು.
ಆಜ್ಞೆಯಲ್ಲಿ ಇದ್ದದ್ದು 'ವಿಲೀನ' ಎಂಬ ಪದ.
ಎಣ್ಣೆ ಬಿಟ್ಟ ಬಾಗಿಲಿನಂಥದ್ದು, ಸದ್ದಿಲ್ಲದೆ ಮುಚ್ಚುತ್ತದೆ.

ಎದುವಿಹಿಸ್ ಪಾಯಕಾರ್ ಚಹಾ ಬಸಿಯುತ್ತ ಅಂದಳು:
ಬರಕೋ.
ಮೂರನೇ ಸೈರನ್ನು ಉಪ್ಪು ಹಿಡಿದು ಮೂಕಾಗುತ್ತೆ,
ಪೆಟ್ಟಿಗೆಯ ಎಡಮಗ್ಗುಲಿಗೆ ಒಂದು ಒದೆ ಕೊಡಬೇಕು.
ಶಾಲೆಯ ಹಿಂದಿನ ಗೇಟಿನ ಕೀಲಿ ಮೀನಂಗಡಿಯ ರೊಸೆಂದಾ ಹತ್ತಿರ,
ಹೆಡ್ಮಾಸ್ತರರ ಹತ್ತಿರ ಇರುವುದು ಹಳೇ ಬೀಗದ್ದು, ಅವರಿಗೇ ಗೊತ್ತಿಲ್ಲ.
ಬಂಡೆ ತುದಿಯ ಮುದುಕ ಯಾರು ಕರೆದರೂ ಏಳುವವನಲ್ಲ.
ಅವನ ಹೇಸರಗತ್ತೆಯನ್ನು ಗುಡ್ಡಕ್ಕೆ ಹೊಡಿ,
ಬೈಯುತ್ತ ಬೈಯುತ್ತ ತಾನೇ ಹಿಂದೆ ಬರುತ್ತಾನೆ.
ನಕ್ಷೆಯಲ್ಲಿ ಹಸಿರು ಗೀಟಿದೆಯಲ್ಲ,
ಆ ದಾರಿ ಹಿಡಿದು ಮಾತ್ರ ಯಾರನ್ನೂ ಕಳಿಸಬೇಡ.

ನನ್ನ ನಮೂನೆಯಲ್ಲಿ ವಸ್ತು, ಸಂಖ್ಯೆ, ಸ್ಥಿತಿ, ಬೆಲೆ.
ಹೇಸರಗತ್ತೆಯನ್ನು ಎಲ್ಲಿ ಕಟ್ಟಲಿ?
ಕೊನೆಗೊಂದು ಷರಾ ಇತ್ತು, ಬೆರಳಗಲದ್ದು.
ಅಲ್ಲಿ 'ನಿರುಪಯುಕ್ತ' ಎಂದು ಬರೆದೇ ರೂಢಿ ಕೈಗೆ.

ಇದೆಲ್ಲ ನಿಮಗೆ ಹೇಳಿಕೊಟ್ಟವರು?
ನವಾರೆತೆ. ಹೋಗಿ ಒಂಬತ್ತು ವರ್ಷವಾಯಿತು.
ಅವನಿಗೆ ಅವನ ಸೋದರತ್ತೆ,
ಹಿಂದಿನ ಅಲೆಗೆ ಮರ ಹತ್ತಿ ಉಳಿದವಳು,
ಎರಡು ರಾತ್ರಿ, ಒಂದು ಕೋಳಿಯ ಜೊತೆ.

ಎಲ್ಲಾದರೂ ಬರೆದಿಟ್ಟಿದ್ದರೆ, ಅಂದೆ.
ಅವಳು ನಕ್ಕಳು, ಸಿಟ್ಟಿರಲಿಲ್ಲ:
ಬರೆದು ಕಳಿಸಿದ್ದೆ. ಎರಡು ಸಲ. ನಿಮ್ಮ ಇಲಾಖೆಗೇ.
'ತಲುಪಿದೆ' ಅಂತ ಉತ್ತರ ಬಂತು.

ಸಂಜೆ ಕಪಾಟಿಗೆ ಅರಗು ಹಾಕಿದೆವು.
ಕುಂಟು ಕುರ್ಚಿಯನ್ನು ಅವಳೇ ಕೇಳಿ ಪಡೆದಳು,
ತಲೆಯ ಮೇಲೆ ಹೊತ್ತು ಏರು ಹತ್ತಿದಳು.
ಸೈರನ್ನುಗಳನ್ನು ಇನ್ನು ಮುಂದೆ ಒತ್ತುವುದು
ನಮ್ಮ ಕಟ್ಟಡದ ಆರನೇ ಮಹಡಿಯಿಂದ,
ಒಂದು ಪರದೆಯ ಮೇಲಿನ ಹಸಿರು ಚುಕ್ಕಿ.

ಮೊನ್ನೆ ರಾತ್ರಿ ಮೂರರ ಹೊತ್ತಿಗೆ ದೀಪ ತೂಗಿತು.
ಸಣ್ಣ ನಡುಕ. ಗಾಜಿನ ಲೋಟ ಗಾಜಿನ ಲೋಟಕ್ಕೆ ತಾಗಿತು, ಅಷ್ಟೆ.
ಹೆಂಡತಿ ಮಗ್ಗುಲು ಬದಲಿಸಿದಳು.
ನಾನು ಎದ್ದು ಕೂತೆ.
ಮೂರನೇ ಸೈರನ್ನು. ಎಡಮಗ್ಗುಲು. ನೆನಪಿದೆ.
ಆದರೆ ಎಡ ಅಂದರೆ
ಕಡಲಿಗೆ ಮುಖ ಮಾಡಿ ನಿಂತವರ ಎಡವೋ,
ಬೆನ್ನು ಮಾಡಿ ಓಡುವವರ ಎಡವೋ?

ಕೇಳಿರಲಿಲ್ಲ.
ಅವಳ ಫೋನ್ ನಂಬರು
ಆ ಕಚೇರಿಯದೇ ಆಗಿತ್ತು.